ಜಾದೂ ಎಲೆ ಕೈಕೊಟ್ಟರೆ ಮೊದಲು ಏನು ನೋಡಬೇಕು? ಕರಾವಳಿಯವರಿಗೊಂದು ದೋಷ ನಿವಾರಣೆ ಕೈಪಿಡಿ

ಪ್ರದರ್ಶನಕ್ಕೆಂದು ಮನೆಯಲ್ಲೇ ತಯಾರಿಸಿದ ಇಸ್ಪೀಟ್ ಎಲೆ ಬಾಗಿತು, ಅಂಟಿತು, ಜಾರಲಿಲ್ಲ ಎಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆ ಎಲೆ ಎಸೆದು ಹೊಸತು ಮಾಡಲು ಕೂರುತ್ತಾರೆ. ಹೊಸತೂ ನಾಲ್ಕು ದಿನಕ್ಕೆ ಹಾಗೇ ಆಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಬದಿ ಇರುವವರಿಗೆ ನಾನು ಹೇಳುವುದಿಷ್ಟು: ಮೊದಲು ಹವೆ ನೋಡಿ, ಆಮೇಲೆ ಕೈಕೆಲಸ ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇ 85 ದಾಟುವುದು ಸಾಮಾನ್ಯ. ಕಾಗದ ಆ ತೇವವನ್ನು ಹೀರುತ್ತದೆ. ಮುಚ್ಚಳ ಹಾಕದ ಡಬ್ಬಿಯ ಹಪ್ಪಳದ ಹಾಗೆ ಎಲೆ ಮೆತ್ತಗಾಗುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಮಳೆಗಾಲದಲ್ಲಿ ಇದೇ ಪಾಡು.

ಪರೀಕ್ಷೆಗೆ ಬೇಕಾದ ಮುಖ್ಯ ಸಲಕರಣೆಗೆ ಖರ್ಚೇನೂ ಇಲ್ಲ. ಹೊಸ ಕಟ್ಟು ಒಡೆದ ದಿನವೇ ಎರಡು ಜೋಕರ್ ಎತ್ತಿಡಿ. ಅವಕ್ಕೆ ಅಂಟು, ಸ್ಪ್ರೇ, ಬ್ಲೇಡು ಯಾವುದೂ ತಾಗಬಾರದು. ಉಳಿದ ಎಲೆ ಇರುವ ಡಬ್ಬಿಯಲ್ಲೇ ಅವೂ ಇರಲಿ. ಇವನ್ನು ಸಾಕ್ಷಿ ಎಲೆ ಅನ್ನೋಣ. ಏನೇ ತೊಂದರೆ ಕಂಡರೂ ಸಾಕ್ಷಿ ಎಲೆಗೂ ಅದೇ ಆಗಿದೆಯಾ ನೋಡಿ. ಆಗಿದ್ದರೆ ದೋಷ ಹವೆಯದ್ದು. ಆಗಿಲ್ಲದಿದ್ದರೆ ನೀವು ಮಾಡಿದ ಕೆಲಸದಲ್ಲಿ ಎಲ್ಲೋ ಇದೆ.

ಯಾವ ಆಟ ಹೇಗೆ ತೋರಿಸಬೇಕು ಎಂಬುದನ್ನು ಇಲ್ಲಿ ಬರೆದಿಲ್ಲ. ಆಟ ಗೊತ್ತಿದ್ದು, ಅದಕ್ಕೆ ಬೇಕಾದ ಎಲೆ ತಯಾರಿಸುವವರಿಗೆ ಇದು. ಹೇಳುವುದೆಲ್ಲ ಕಾಗದದ ಎಲೆಗೆ. ಪೂರ್ತಿ ಪ್ಲಾಸ್ಟಿಕ್ ಎಲೆ ತೇವಕ್ಕೆ ಬಾಗುವುದಿಲ್ಲ, ನಿಜ. ಆದರೆ ಅದರ ಪದರ ಬಿಡಿಸಲು ಬರುವುದಿಲ್ಲ, ಅಂಟು ಕೂಡ ಸರಿಯಾಗಿ ಹಿಡಿಯುವುದಿಲ್ಲ. ಈ ಕೆಲಸಕ್ಕೆ ಅದು ಬೇಡ.

ಎಲೆ ಬಾಗಿದೆ

ಕಟ್ಟನ್ನು ಮೇಜಿನ ಮೇಲಿಟ್ಟು, ಬಗ್ಗಿ, ಬದಿಯಿಂದ ನೋಡಿ. ಸಾಕ್ಷಿ ಎಲೆ ಸೇರಿ ಎಲ್ಲವೂ ಒಂದೇ ಕಡೆ ಬಾಗಿದ್ದರೆ ತೇವ. ನೀವು ಮಾಡಿದ ಎಲೆ ಮಾತ್ರ ಬಾಗಿದ್ದರೆ ಅಂಟು. ಮೇಲಿನ ಮತ್ತು ಕೆಳಗಿನ ಎರಡು ಮೂರು ಎಲೆ ಮಾತ್ರ ಬಾಗಿ ನಡುವಿನವು ನೆಟ್ಟಗಿದ್ದರೆ, ಕಟ್ಟು ಒಂದು ಹವೆಯಿಂದ ಇನ್ನೊಂದಕ್ಕೆ ಬಂದಿದೆ ಎಂದರ್ಥ. ಕಾರವಾರದ ಕಟ್ಟನ್ನು ಹುಬ್ಬಳ್ಳಿಯ ಎಸಿ ಹಾಲ್‌ಗೆ ಒಯ್ದಾಗ ಹೀಗಾಗುತ್ತದೆ. ಹೊರಗಿನ ಎಲೆ ಮೊದಲು ಒಣಗುತ್ತದೆ, ಒಳಗಿನವು ನಿಧಾನ. ಇದಕ್ಕೆ ಮದ್ದು ಬೇಡ. ಎರಡು ಮೂರು ತಾಸು ಮೊದಲೇ ಕಟ್ಟನ್ನು ಆ ಜಾಗದಲ್ಲಿಡಿ. ಜೋಡಿಸಿದ ಕ್ರಮ ಕೆಡದ ಹಾಗೆ ಆಗಾಗ ಹರಡಿ ಗಾಳಿ ತಾಗಿಸಿ. ಸಾಕು.

ತೇವ ಎಂದು ಗೊತ್ತಾದರೆ ಕಟ್ಟನ್ನು ಒಣಡಬ್ಬಿಗೆ ಹಾಕಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ತೇವ ಹೀರುವ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ, ಸಾಧ್ಯವಾದರೆ ಒಂದು ಸಣ್ಣ ತೇವಮಾಪಕ. ಡಬ್ಬಿಯೊಳಗೆ ಶೇ 45ರಿಂದ 55 ಇದ್ದರೆ ಎಲೆ ಸುಖವಾಗಿರುತ್ತದೆ. ಅದಕ್ಕಿಂತ ತುಂಬ ಕೆಳಗೆ ಇಳಿಸಲೂಬೇಡಿ. ಅತಿಯಾಗಿ ಒಣಗಿದ ಎಲೆ ಇನ್ನೊಂದು ಕಡೆಗೆ ಬಾಗುತ್ತದೆ, ಅಂಚು ಸಿಡಿಯುತ್ತದೆ. ಒಂದು ದಿನ ಬಿಟ್ಟು ಹೊರತೆಗೆದು, ಎರಡು ನೆಟ್ಟನೆಯ ಹಲಗೆ ನಡುವೆ ಇಟ್ಟು, ಮೇಲೆ ಭಾರ ಹೇರಿ ರಾತ್ರಿ ಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿ ಕೆಲವರಲ್ಲಿದೆ. ಮಳೆಗಾಲದಲ್ಲಿ ಅಕ್ಕಿಯೇ ತೇವ ಹಿಡಿದಿರುತ್ತದೆ. ಮೇಲಿಂದ ಅಕ್ಕಿಯ ಹುಡಿ ಎಲೆಗೆ ಹತ್ತುತ್ತದೆ. ಹಾಗೆಯೇ ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್, ಒಲೆ ಮೇಲಿನ ಅಟ್ಟ ಯಾವುದೂ ಬೇಡ. ಬಿಸಿ ಒಂದೇ ಬದಿಯನ್ನು ಒಣಗಿಸುತ್ತದೆ, ಮೇಲಿನ ಮೆರುಗು ಕೂಡ ಹಾಳಾಗುತ್ತದೆ.

ಸಿಲಿಕಾ ಜೆಲ್ ಕೊಳ್ಳುವಾಗ ನೀಲಿ ಹರಳು ಬಿಡಿ. ಆ ನೀಲಿ ಬಣ್ಣ ಸಾಮಾನ್ಯವಾಗಿ ಕೋಬಾಲ್ಟ್ ಕ್ಲೋರೈಡಿನದು. ಅದು ವಿಷಕಾರಿ. ಬಿಳಿ ಅಥವಾ ಕಿತ್ತಳೆ ಹರಳು ಸಾಕು. ಯಾವುದೇ ಆದರೂ ಮಕ್ಕಳ ಕೈಗೆ ಸಿಗದಿರಲಿ, ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ.

ಇನ್ನು ಅಂಟಿನ ಬಾಗು. ಎರಡೂ ಬದಿಗೆ ಬೆನ್ನೇ ಇರುವ ಎಲೆ, ಎರಡೂ ಬದಿಗೆ ಮುಖವೇ ಇರುವ ಎಲೆ ಮಾಡುವಾಗ ಪದರ ಬಿಡಿಸಿ ಮತ್ತೆ ಅಂಟಿಸುತ್ತೇವೆ ಅಲ್ವಾ? ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರು ಜಾಸ್ತಿ. ಅಂಟು ಹಚ್ಚಿದ ಪದರ ನೀರು ಕುಡಿದು ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಇನ್ನೊಂದು ಪದರಕ್ಕೆ ಹಿಡಿದುಕೊಳ್ಳುತ್ತದೆ. ಆಮೇಲೆ ಒಣಗಿ ಕುಗ್ಗುವಾಗ ಎಲೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಹಾಗಾಗಿ ಒಣಗಿದ ಎಲೆ ಯಾವ ಕಡೆಗೆ ಗುಳಿ ಬಿದ್ದಿದೆಯೋ ಆ ಕಡೆಯ ಪದರಕ್ಕೆ ನೀರು ಜಾಸ್ತಿ ತಾಗಿದೆ. ಮುಂದಿನ ಸಲ ಅಂಟಿನ ಕಡ್ಡಿ ಅಥವಾ ಸ್ಪ್ರೇ ಅಂಟು ಬಳಸಿ, ಎರಡೂ ಪದರಕ್ಕೆ ತೆಳ್ಳಗೆ ಸಮನಾಗಿ ಹಚ್ಚಿ, 24 ತಾಸು ಭಾರದ ಕೆಳಗಿಡಿ.

ಇಷ್ಟು ಮಾಡಿದರೂ ಎಲೆ ತಿರುಚಿದ ಹಾಗೆ, ಒಂದು ಮೂಲೆ ಎದ್ದು ನಿಂತರೆ ಕಾಗದದ ನಾರಿನ ದಿಕ್ಕು ತಪ್ಪಿದೆ. ಪ್ರತಿ ಹಾಳೆಯಲ್ಲೂ ನಾರು ಒಂದೇ ದಿಕ್ಕಿಗೆ ಓಡುತ್ತದೆ. ತೇವ ತಾಗಿದಾಗ ಕಾಗದ ನಾರಿಗೆ ಅಡ್ಡವಾಗಿ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇದ್ದರೆ ಅವು ಯಾವತ್ತೂ ಹೊಂದಿಕೊಳ್ಳುವುದಿಲ್ಲ. ಗೊತ್ತುಮಾಡಲು ಹಾಳೆಯ ಚೂರಿನ ಒಂದು ಬದಿಗೆ ನೀರು ಸವರಿ. ಅದು ಸುರುಳಿ ಸುತ್ತುತ್ತದೆ. ಸುರುಳಿಯ ಉದ್ದವೇ ನಾರಿನ ದಿಕ್ಕು. ಈ ದೋಷಕ್ಕೆ ರಿಪೇರಿ ಇಲ್ಲ. ಆ ಎಲೆ ಬಿಟ್ಟು ಹೊಸತು ಮಾಡಿ.

ಜೋಡಿ ಎಲೆ ಬೇಗ ಬಿಡುತ್ತದೆ, ಇಲ್ಲವೇ ಬಿಡುವುದೇ ಇಲ್ಲ

ಒರಟು-ನುಣುಪು ಕಟ್ಟಿನಲ್ಲಿ, ಅಂದರೆ ಎಲೆಯ ಒಂದು ಬದಿಗೆ ಸ್ಪ್ರೇ ಲೇಪ ಹೊಡೆದು ಒರಟು ಮಾಡಿ ಇನ್ನೊಂದು ಬದಿಯನ್ನು ನುಣುಪಾಗಿ ಬಿಟ್ಟ ಕಟ್ಟಿನಲ್ಲಿ ಬರುವ ತೊಂದರೆ ಇದು. 1936ರಲ್ಲಿ ಅಮೆರಿಕದ ಜಾದೂಗಾರ ಜೋ ಬರ್ಗ್ ತಂದ ಅಲ್ಟ್ರಾ ಮೆಂಟಲ್ ಡೆಕ್‌ನಿಂದ ಇವತ್ತಿನ ಇನ್ವಿಸಿಬಲ್ ಡೆಕ್‌ವರೆಗೆ ಎಲ್ಲದರ ಜೀವ ಈ ಒರಟು ಲೇಪದಲ್ಲೇ ಇದೆ. ಒರಟು ಬದಿಗಳೆರಡು ಒಂದಕ್ಕೊಂದು ತಾಗಿದಾಗ ಜೋಡಿ ಒಂದೇ ಎಲೆಯಾಗಿ ಚಲಿಸಬೇಕು. ಹೆಬ್ಬೆರಳಿಂದ ಸ್ವಲ್ಪ ಒತ್ತಿ ಸರಿಸಿದಾಗ ಮಾತ್ರ ಬಿಡಬೇಕು. ಹಿಡಿತ ಇದಕ್ಕಿಂತ ಕಡಿಮೆಯಾದರೂ ಜಾಸ್ತಿಯಾದರೂ ಆಟ ಕೆಟ್ಟಿತು.

ಮೊದಲು ಕೈ ತೊಳೆಯಿರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಊರು ನಮ್ಮದು. ಕೂದಲು ಮುಟ್ಟಿದ ಬೆರಳು ಎಲೆಗೆ ತಾಗಿದರೆ ಒರಟು ಬದಿಯೂ ಜಾರುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಮತ್ತೆ ನೋಡಿ. ಖರ್ಚಿಲ್ಲದ ಈ ಹೆಜ್ಜೆಯಲ್ಲೇ ಎಷ್ಟೋ ಸಲ ತೊಂದರೆ ಮುಗಿಯುತ್ತದೆ.

ಎರಡನೆಯದು, ಸಾಕ್ಷಿ ಎಲೆ. ಎರಡು ಜೋಕರ್ ಒಂದರ ಮೇಲೊಂದು ಇಟ್ಟು ಸರಿಸಿ. ಅವೂ ತಡೆದು ತಡೆದು ಜಾರಿದರೆ ಇಡೀ ಕಟ್ಟು ತೇವ ಹಿಡಿದಿದೆ. ನುಣುಪು ಬದಿಗಳೂ ಅಂಟುತ್ತಿವೆ, ಅದಕ್ಕೇ ಜೋಡಿ ಬಿಡುತ್ತಿಲ್ಲ. ಒಣಡಬ್ಬಿಗೆ ಹಾಕಿ, ಸ್ಪ್ರೇ ಮುಟ್ಟಬೇಡಿ. ಇಲ್ಲಿ ಅವಸರ ಮಾಡಿ ಒರಟು ಲೇಪವನ್ನು ಒರೆಸಿದರೆ, ಕಟ್ಟು ಒಣಗಿದ ದಿನ ಜೋಡಿಗಳೆಲ್ಲ ಬಿಟ್ಟುಕೊಂಡು ಬೀಳುತ್ತವೆ.

ಜೋಕರ್ ಚೆನ್ನಾಗಿ ಜಾರಿ, ಎಲ್ಲ ಜೋಡಿಯೂ ಸಡಿಲವಾಗಿದ್ದರೆ ಲೇಪ ಸವೆದಿದೆ. ತುಂಬ ಆಡಿದ ಕಟ್ಟಿಗೆ ಇದು ಸಹಜ. ಒಂದೇ ಜೋಡಿ ಸಡಿಲವಾಗಿದ್ದರೆ ಅದಕ್ಕೆ ಲೇಪ ಸರಿಯಾಗಿ ಕೂತಿಲ್ಲ, ಅಥವಾ ತಪ್ಪು ಬದಿಗೆ ಹೊಡೆದಿದ್ದೀರಿ. ಆ ಎಲೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಲೇಪ ಬಿದ್ದ ಕಡೆ ಹೊಳಪು ಸತ್ತಿರುತ್ತದೆ. ಹೊಳೆಯುತ್ತಿದ್ದರೆ ಅಲ್ಲಿ ಲೇಪವೇ ಇಲ್ಲ.

ಜೋಡಿ ಬಿಡುತ್ತಲೇ ಇಲ್ಲ, ಜೋಕರ್ ಮಾತ್ರ ಚೆನ್ನಾಗಿ ಜಾರುತ್ತದೆ ಅಂದರೆ ಲೇಪ ದಪ್ಪವಾಗಿದೆ ಅಥವಾ ಇನ್ನೂ ಒಣಗಿಲ್ಲ. ಮೊದಲು ಕಾಯಿರಿ. ಎರಡು ದಿನ ಬಿಡಿ ಬಿಡಿಯಾಗಿ ಒಣಗಲು ಬಿಡಿ. ಆಮೇಲೂ ಹಾಗೇ ಇದ್ದರೆ ಒಣ ಹತ್ತಿಬಟ್ಟೆಯಿಂದ ಹಗುರವಾಗಿ ಉಜ್ಜಿ, ಒಂದೊಂದೇ ಜೋಡಿ ಪರೀಕ್ಷಿಸುತ್ತ ಹೋಗಿ.

ನುಣುಪು ಬದಿಗೆ ಜಾರುಪುಡಿ ಹಾಕುವವರು ಝಿಂಕ್ ಸ್ಟಿಯರೇಟ್ ಬಳಸುತ್ತಾರೆ. ಮುಖಕ್ಕೆ ಹಚ್ಚುವ ಪೌಡರ್ ಬೇಡ. ನಮ್ಮ ಬೆವರಿಗೆ ಅದು ಗಂಟು ಕಟ್ಟುತ್ತದೆ. ಯಾವ ಪುಡಿಯಾದರೂ ತುಂಬ ನಯ, ಉಸಿರಿಗೆ ಹೋಗಬಾರದು. ಮಕ್ಕಳನ್ನು ದೂರ ಕಳಿಸಿ, ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ. ಪುಡಿ ಒರಟು ಬದಿಗೆ ಹಾರಿ ಕೂತರೂ ಹಿಡಿತ ಹೋಗುತ್ತದೆ.

ಸ್ಪ್ರೇ ಒಣಗಿದ ಮೇಲೆ ಬಿಳಿ ಮಬ್ಬು ಬಂತು

ಕರಾವಳಿಯವರು ಇದಕ್ಕೆ ಸ್ಪ್ರೇ ಡಬ್ಬವನ್ನೇ ದೂರುತ್ತಾರೆ. ಡಬ್ಬ ಚೆನ್ನಾಗೇ ಇರುತ್ತದೆ. ಒರಟು ಲೇಪಕ್ಕೆ ಹೊಡೆಯುವ ಸ್ಪ್ರೇ ಅಂದರೆ ಮ್ಯಾಟ್ ಲ್ಯಾಕರ್, ಹೊಳಪಿಲ್ಲದ ವಾರ್ನಿಷ್. ಅದರಲ್ಲಿರುವ ದ್ರಾವಕ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಎಲೆಯ ಮೇಲ್ಮೈ ತಣ್ಣಗಾಗುತ್ತದೆ. ತೇವದ ಗಾಳಿ ಆ ತಣ್ಣನೆಯ ಪದರಕ್ಕೆ ತಾಗಿ ನೀರಾಗುತ್ತದೆ, ಆ ನೀರು ಲೇಪದೊಳಗೇ ಸಿಕ್ಕಿಬೀಳುತ್ತದೆ. ಅದೇ ಬಿಳಿ ಮಬ್ಬು.

ಹಾಗಾಗಿ ಸ್ಪ್ರೇ ಕೆಲಸಕ್ಕೆ ದಿನ ಆರಿಸಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಒಳ್ಳೆಯ ಕಾಲ. ಆಗಲೂ ಬೆಳಗಿನ ಇಬ್ಬನಿ ಆರಿ ಹನ್ನೊಂದು ಗಂಟೆ ಆಗಲಿ. ಇಡೀ ವರ್ಷಕ್ಕೆ ಬೇಕಾದಷ್ಟು ಎಲೆಗೆ ಈ ನಾಲ್ಕು ತಿಂಗಳಲ್ಲೇ ಸ್ಪ್ರೇ ಮುಗಿಸಿ ಒಣಡಬ್ಬಿಗೆ ಹಾಕಿಡುವುದು ಜಾಣತನ. ಶಾಲೆಯ ವಾರ್ಷಿಕೋತ್ಸವ, ಜಾತ್ರೆಯ ಕಾರ್ಯಕ್ರಮ ಎಲ್ಲ ಇದರ ಸುತ್ತಮುತ್ತವೇ ಬರುತ್ತವೆ.

ಮಬ್ಬು ತೆಳ್ಳಗಿದ್ದರೆ ಎಲೆಯನ್ನು ಒಣಡಬ್ಬಿಯಲ್ಲಿ ಒಂದೆರಡು ದಿನ ಬಿಡಿ. ಹೋಗದಿದ್ದರೆ, ಒಣ ಹವೆಯ ದಿನ ಅದೇ ಲ್ಯಾಕರ್ ಅನ್ನು 25ರಿಂದ 30 ಸೆಂ.ಮೀ. ದೂರದಿಂದ ತೀರಾ ತೆಳ್ಳಗೆ ಇನ್ನೊಮ್ಮೆ ಹೊಡೆಯಿರಿ. ಹೊಸ ದ್ರಾವಕ ಹಳೆಯ ಲೇಪವನ್ನು ಸ್ವಲ್ಪ ಕರಗಿಸಿ ನೀರು ಹೊರಹೋಗಲು ದಾರಿ ಕೊಡುತ್ತದೆ. ಮೊದಲು ಹಾಳಾದ ಒಂದು ಎಲೆ ಮೇಲೆ ಮಾಡಿ ನೋಡಿ.

ಇಲ್ಲಿ ಎಚ್ಚರಿಕೆ ಮಾತು ಗಟ್ಟಿಯಾಗಿಯೇ ಹೇಳಬೇಕು. ಈ ಸ್ಪ್ರೇ ಬೆಂಕಿಗೆ ಕೂಡಲೇ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ಬಚ್ಚಲ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಉರಿಯುತ್ತಿರಬಾರದು. ಅಂಗಳದಲ್ಲಿ ಅಥವಾ ತೆರೆದ ಜಗುಲಿಯಲ್ಲಿ ಹೊಡೆಯಿರಿ. ಬಟ್ಟೆ ಮಾಸ್ಕ್ ಆಗಲಿ ಎನ್95 ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಗಾಳಿಯಾಡುವ ಜಾಗವೇ ರಕ್ಷಣೆ. ತಲೆ ಸುತ್ತಿದರೆ, ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಹೊರಗೆ ಬನ್ನಿ. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಕಟ್ಟು ಯಾವಾಗಲೂ ಒಂದೇ ಜಾಗದಲ್ಲಿ ಒಡೆಯುತ್ತದೆ

ಯಾರು ಕಟ್ ಮಾಡಿದರೂ ನಿಮ್ಮ ಎಲೆ ಹತ್ತಿರವೇ ಒಡೆಯುತ್ತಿದೆಯೇ? ಆ ಎಲೆ ದಪ್ಪವಾಗಿದೆ, ಅಥವಾ ಬಾಗಿ ಸಂದು ಬಿಟ್ಟಿದೆ. ಬಾಗಿದ್ದರೆ ಮೇಲೆ ಹೇಳಿದ್ದು ನೋಡಿ. ದಪ್ಪವೇ ಆದರೆ ಅಳೆಯಬೇಕು. ಒಳ್ಳೆಯ ಇಸ್ಪೀಟ್ ಎಲೆ ಸುಮಾರು 0.28ರಿಂದ 0.30 ಮಿ.ಮೀ. ಇರುತ್ತದೆ. ಸ್ಕೇಲಿನಲ್ಲಿ ಇದು ಗೊತ್ತಾಗುವುದಿಲ್ಲ, ಡಿಜಿಟಲ್ ವರ್ನಿಯರ್ ಬೇಕು. ಅದಿಲ್ಲದಿದ್ದರೆ ಕಣ್ಣು ಮುಚ್ಚಿ ಸಾಕ್ಷಿ ಎಲೆ ಒಂದು ಕೈಯಲ್ಲಿ, ನಿಮ್ಮ ಎಲೆ ಇನ್ನೊಂದರಲ್ಲಿ ಹಿಡಿದು ಹಗುರವಾಗಿ ಬಗ್ಗಿಸಿ. ದಪ್ಪ ಎಲೆ ಬಗ್ಗುವಾಗ ಬಿರುಸಾಗಿರುತ್ತದೆ. ಬೆರಳು ಇದನ್ನು ಚೆನ್ನಾಗಿ ಗುರುತಿಸುತ್ತದೆ.

ಪದರ ಬಿಡಿಸುವಾಗ ಸರಿಯಾಗಿ ಅರ್ಧಕ್ಕೆ ಬಿಡಿಸದೆ ಒಂದು ಕಡೆ ಜಾಸ್ತಿ ಕಾಗದ ಉಳಿದರೆ ಹೀಗಾಗುತ್ತದೆ. ಅಂಟು ಗಂಟಾಗಿ ನಿಂತರೂ ಅಷ್ಟೇ. ಹಾಳೆಗಳಿಂದಲೇ ಎಲೆ ಮಾಡುವವರು 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಆರ್ಟ್ ಪೇಪರ್ ಎರಡು ಪದರದಿಂದ ಶುರು ಮಾಡಿ, ದಪ್ಪ ನೋಡಿಕೊಂಡು ಮುಂದೆ ಹೋಗಿ.

ಗಿಡ್ಡ ಎಲೆ ಬೆರಳಿಗೆ ಸಿಗುವುದಿಲ್ಲ

ಗಿಡ್ಡ ಎಲೆ ಅಂದರೆ ಬೆರಳಿಗೆ ಗುರುತು ಸಿಗಲೆಂದು ತುದಿಯನ್ನು ಕೊಂಚ ಕತ್ತರಿಸಿದ ಎಲೆ. ಮೊದಲು ಕಟ್ಟನ್ನು ಮೇಜಿಗೆ ಕುಟ್ಟಿ ಸರಿಮಾಡಿ. ಕುಟ್ಟದೇ ಹುಡುಕಿದರೆ ಯಾವ ಗಿಡ್ಡ ಎಲೆಯೂ ಸಿಗದು. ಆಮೇಲೂ ಸಿಗದಿದ್ದರೆ ಕತ್ತರಿಸಿದ್ದು ಸಾಲದು. 0.5ರಿಂದ 1 ಮಿ.ಮೀ. ಒಳಗಿನ ವ್ಯತ್ಯಾಸ ಬೇಕು. ಅದಕ್ಕಿಂತ ಕಡಿಮೆಯಾದರೆ ಬೆರಳಿಗೆ ಸಿಗದು, ಜಾಸ್ತಿಯಾದರೆ ಮುಂದಿನ ಸಾಲಿನವರಿಗೂ ಕಾಣುತ್ತದೆ. ಮಳೆಗಾಲದಲ್ಲಿ ಎಲೆ ಹಿಗ್ಗಿ, ಅಂಚು ಮೆತ್ತಗಾಗಿ ಈ ವ್ಯತ್ಯಾಸ ಮಂಕಾಗುತ್ತದೆ. ಒಣಗಿಸಿ ನೋಡುವ ಮೊದಲು ಮತ್ತೆ ಕತ್ತರಿಸಬೇಡಿ. ಕತ್ತರಿಸಿದ್ದನ್ನು ವಾಪಸ್ ಅಂಟಿಸಲಾಗದು.

ಗಿಡ್ಡ ಎಲೆ ಕಣ್ಣಿಗೆ ಬಿದ್ದುಬಿಡುತ್ತದೆ ಅನ್ನುವವರು ಮೂಲೆ ನೋಡಬೇಕು. ಕತ್ತರಿಸಿದ ಮೇಲೆ ಮೂಲೆಯ ದುಂಡು ಹೋಗಿ ಚೂಪಾಗಿರುತ್ತದೆ. ಕಾರ್ನರ್ ಪಂಚ್‌ನಲ್ಲಿ ಮತ್ತೆ ದುಂಡು ಮಾಡಿ, ಸಾಕ್ಷಿ ಎಲೆಯನ್ನು ಮೇಲಿಟ್ಟು ಹೋಲಿಸಿ. ಇನ್ನೊಂದು: ಅಂಗಡಿಯಲ್ಲಿ ಎರಡು ಅಗಲದ ಎಲೆ ಸಿಗುತ್ತದೆ, ಪೋಕರ್ ಅಳತೆ ಸುಮಾರು 63 ಮಿ.ಮೀ., ಬ್ರಿಜ್ ಅಳತೆ ಸುಮಾರು 57. ಉದ್ದ ಎರಡರದ್ದೂ ಸುಮಾರು 88-89 ಆದ್ದರಿಂದ ಬೆರೆತುಹೋದರೆ ಗಡಿಬಿಡಿಯಲ್ಲಿ ಗೊತ್ತಾಗುವುದಿಲ್ಲ.

ಅಂಚು ಜೂಲು ಜೂಲಾಗಿದ್ದರೆ ಬ್ಲೇಡು ಮೊಂಡಾಗಿದೆ. ಬದಲಿಸಿ. ಕಬ್ಬಿಣದ ಸ್ಕೇಲ್ ಇಟ್ಟು, ಒಂದೇ ಸಲ ಒತ್ತಿ ಎಳೆಯದೆ ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಬೆರಳಿಗೆ ತಾಗಿದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. 10 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ ಆಸ್ಪತ್ರೆಗೆ ಹೋಗಿ.

ಬೆನ್ನಿನ ಬಣ್ಣ ಬೇರೆ ಕಾಣುತ್ತದೆ, ಬೆಳಕಿಗೆ ಒಳಗಿನದು ಕಾಣುತ್ತದೆ

ಮನೆಯ ಟ್ಯೂಬ್‌ಲೈಟಿನಲ್ಲಿ ಹೊಂದಿದ ಕೆಂಪು, ವೇದಿಕೆಯ ಎಲ್‌ಇಡಿ ಬೆಳಕಿನಲ್ಲಿ ಹೊಂದದೇ ಇರಬಹುದು. ಬಿಸಿಲಿನಲ್ಲಿ ಒಮ್ಮೆ, ಎಲ್‌ಇಡಿಯಲ್ಲಿ ಒಮ್ಮೆ ಸಾಕ್ಷಿ ಎಲೆ ಪಕ್ಕ ಇಟ್ಟು ನೋಡಿ. ಪ್ರಿಂಟ್ ಮಾಡಿದ ಬೆನ್ನನ್ನು ಕಂಪನಿಯ ಬೆನ್ನಿಗೆ ಹೊಂದಿಸಲು ಹೆಣಗುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ಬಗೆಯ ಎರಡು ಮೂರು ಕಟ್ಟು ಕೊಂಡು, ನಿಜವಾದ ಬೆನ್ನನ್ನೇ ಬಿಡಿಸಿ ಅಂಟಿಸಿ. 1885ರಿಂದ ಬರುತ್ತಿರುವ ಬೈಸಿಕಲ್ ಎಲೆಯನ್ನು ಜಾದೂಗಾರರು ಇಷ್ಟಪಡಲು ಇದೂ ಒಂದು ಕಾರಣ. ಅದೇ ಬೆನ್ನಿನ ಕಟ್ಟು ಮತ್ತೆ ಮತ್ತೆ ಸಿಗುತ್ತದೆ. ಆದರೂ ಬೇರೆ ಬೇರೆ ಕಾಲಕ್ಕೆ ಕೊಂಡ ಕಟ್ಟಿನ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರಬಹುದು.

ಪ್ರಿಂಟ್ ಮಾಡಿದ ಮುಖ ಬೆವರಿಗೆ ಕಲೆಯಾಗುತ್ತಿದ್ದರೆ ಅದು ನೀರಿಗೆ ಕರಗುವ ಡೈ ಶಾಯಿ. ಒದ್ದೆ ಹತ್ತಿಯನ್ನು ಮೂಲೆಗೆ ಒತ್ತಿದರೆ ಬಣ್ಣ ಬಿಡುತ್ತದೆ. ಪಿಗ್ಮೆಂಟ್ ಶಾಯಿ ಅಥವಾ ಲೇಸರ್ ಪ್ರಿಂಟಿಗೆ ಹೋಗಿ. ಲೇಸರ್‌ನಲ್ಲಿ ಟೋನರ್ ಕಾಗದದ ಮೇಲೇ ಕೂತಿರುತ್ತದೆ, ಜಾಸ್ತಿ ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಎಲೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಒಳ್ಳೆಯ ಎಲೆಯ ಎರಡು ಪದರದ ನಡುವೆ ಕಪ್ಪು ಅಂಟು ಇರುತ್ತದೆ, ಬೆಳಕು ದಾಟದಿರಲೆಂದೇ ಅದು. ನಿಮ್ಮ ಎಲೆಯಲ್ಲಿ ಆಟೀನು, ಕಳಾವರ್ ಎಲ್ಲ ಹಿಂದಿನಿಂದ ಕಾಣುತ್ತಿದ್ದರೆ ಒಳಬದಿಗೆ ಕಪ್ಪು ಬಳಿಯಬೇಕು. ಜಾತ್ರೆಯ ಪೆಂಡಾಲಿನಲ್ಲಿ ದೀಪ ನಿಮ್ಮ ಹಿಂದೆಯೂ ಇರುತ್ತದೆ, ಮರೆಯಬೇಡಿ.

ಪದರ ಬಿಡುತ್ತಿದೆ, ಮಡಚುವ ಎಲೆ ತೆರೆಯುವುದಿಲ್ಲ

ಮೂಲೆಯಲ್ಲಿ ಮಾತ್ರ ಬಿಟ್ಟಿದ್ದರೆ ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ಹಚ್ಚಿ ಒತ್ತಿ. ನಡುವೆ ಗುಳ್ಳೆ ಎದ್ದಿದ್ದರೆ ಅಂಟು ಎಲ್ಲ ಕಡೆ ತಾಗಿಲ್ಲ, ಹೊಸತು ಮಾಡಿ. ಮಡಚುವ ಎಲೆಯಲ್ಲಿ ಮೊದಲು ಕೆಡುವುದು ಎಲಾಸ್ಟಿಕ್ ದಾರ. ಬಿಸಿ ಮತ್ತು ಬೆವರಿಗೆ ರಬ್ಬರ್ ಸತ್ತುಹೋಗುತ್ತದೆ. ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೆ ಬರದಿದ್ದರೆ ಬದಲಿಸಿ. ದಾರ ಚೆನ್ನಾಗಿದ್ದರೆ ಮಡಿಕೆಯ ಟೇಪಿನ ಅಂಟು ಹೊರಗೆ ಒಸರಿದೆಯಾ ನೋಡಿ.

ಕಪ್ಪು ಚುಕ್ಕೆ, ಮುಗ್ಗಲು ವಾಸನೆ

ಬೂಸ್ಲು ಬಂದ ಎಲೆಯನ್ನು ಉಳಿಸಲು ನೋಡಬೇಡಿ. ಒರೆಸಿದರೂ ಅದು ನಾರಿನೊಳಗೆ ಇರುತ್ತದೆ, ಪಕ್ಕದ ಎಲೆಗೆ ಹಬ್ಬುತ್ತದೆ. ಉಬ್ಬಸ ಇರುವವರು ಮುಟ್ಟಲೂಬಾರದು. ಕಟ್ಟನ್ನು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ, ಡಬ್ಬಿಯನ್ನು ಸೋಪಿನಿಂದ ತೊಳೆದು ಬಿಸಿಲಿಗೆ ಇಡಿ.

ಇಲ್ಲಿ ಕೈ ನಿಲ್ಲಿಸಿ

ಎಲೆಯೊಳಗೆ ತೆಳು ಆಯಸ್ಕಾಂತ ಕೂರಿಸುವವರು ಇದನ್ನು ಎರಡು ಸಲ ಓದಿ. ಪದರ ಬಿಟ್ಟು ಆಯಸ್ಕಾಂತ ಹೊರಬಿದ್ದರೆ, ಸಿಗುವವರೆಗೆ ಹುಡುಕಿ. ಮಗು ಒಂದಕ್ಕಿಂತ ಜಾಸ್ತಿ ನುಂಗಿದರೆ ಅವು ಕರುಳಿನ ಗೋಡೆಯ ಆಚೆ ಈಚೆ ನಿಂತು ಒಂದನ್ನೊಂದು ಎಳೆದು ಕರುಳಿಗೆ ತೂತು ಮಾಡಬಲ್ಲವು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡದೆ, ಕಾಯದೆ, 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಎಲೆ ಭಗ್ ಎಂದು ಉರಿದು ಮಾಯವಾಗಲಿ ಎಂದು ಫ್ಲಾಶ್ ಪೇಪರನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದು ನೈಟ್ರೊಸೆಲ್ಯುಲೋಸ್. ಮಾಡಲು ಬೇಕಾದದ್ದು ಗಾಢ ಆಮ್ಲ. ಚರ್ಮ, ಕಣ್ಣು, ಮನೆ ಮೂರಕ್ಕೂ ಅಪಾಯ.

ಮತ್ತೆ, ಈ ಎಲೆ ವೇದಿಕೆ ಬಿಟ್ಟು ದುಡ್ಡಿನ ಆಟಕ್ಕೆ ಹೋಗಬಾರದು. ಹಬ್ಬದ ರಾತ್ರಿ ಸುಮ್ನೆ ತಮಾಷೆಗೆ ಎಂದು ಯಾರಾದರೂ ಕೇಳಿದರೂ ಕೊಡಬೇಡಿ. ಅದು ವಂಚನೆ. ಜಾದೂಗಾರನ ಮೇಲೆ ಜನ ಇಟ್ಟ ನಂಬಿಕೆಯೂ ಅಲ್ಲಿಗೆ ಮುಗಿಯಿತು. ತಯಾರಿಸಿದ ಕಟ್ಟಿನ ಪೆಟ್ಟಿಗೆ ಮೇಲೆ ದೊಡ್ಡದಾಗಿ ಗುರುತು ಬರೆದು ಬೀಗದಲ್ಲಿಡಿ.

ಪ್ರೆಸ್ಸಿನವರಿಗೆ ಕೊಡಬೇಕಾಗಿ ಬಂದರೆ

ಎಲ್ಲ ನೋಡಿಯೂ ದಪ್ಪ ಹೊಂದುವುದಿಲ್ಲ, ಹಿಂದುಮುಂದಿನ ಪ್ರಿಂಟ್ ಒಂದೆರಡು ಮಿ.ಮೀ. ಜರುಗುತ್ತಲೇ ಇದೆ ಎಂದಾದರೆ ಮನೆಯ ಪ್ರಿಂಟರಿನ ಮಿತಿ ಮುಗಿಯಿತು. ಪ್ರೆಸ್ಸಿಗೆ ಹೋಗಿ. ಹೋಗುವಾಗ ಒಂದು ಸಾಕ್ಷಿ ಎಲೆ ಒಯ್ಯಿರಿ. ನಾಲ್ಕು ಮಾತು ಬರೆದುಕೊಡಿ: ಕಪ್ಪು ಅಂಟಿನ ಪದರವಿರುವ ಸುಮಾರು 300 ಜಿಎಸ್‌ಎಂ ಕಾರ್ಡು ಬೇಕು, ಎಲ್ಲ ಎಲೆಯ ನಾರೂ ಒಂದೇ ದಿಕ್ಕಿಗಿರಬೇಕು, ಮೂಲೆ ಡೈ ಕಟಿಂಗ್ (ಅಚ್ಚಿನಿಂದ ಒತ್ತಿ ಕತ್ತರಿಸುವುದು) ಆಗಬೇಕು, ಸುತ್ತ 3 ಮಿ.ಮೀ. ಹೆಚ್ಚುವರಿ ಪ್ರಿಂಟ್ ಬಿಡಬೇಕು. ಯಾವುದೇ ಕಂಪನಿಯ ಬೆನ್ನಿನ ಚಿತ್ರವನ್ನು ಅನುಮತಿ ಇಲ್ಲದೆ ಅಚ್ಚು ಹಾಕಿಸಬೇಡಿ, ನಿಮ್ಮದೇ ಚಿತ್ರ ಬರೆಸಿ. ಪೂರ್ತಿ ಕಟ್ಟು ಹೇಳುವ ಮೊದಲು ನಾಲ್ಕು ಎಲೆಯ ಮಾದರಿ ತರಿಸಿಕೊಳ್ಳಿ. ಅದನ್ನು ಒಣಡಬ್ಬಿಗೆ ಹಾಕದೆ ಒಂದು ವಾರ ಹೊರಗೇ ಇಟ್ಟು, ಬಾಗಲಿಲ್ಲ ಎಂದು ಖಾತ್ರಿಯಾದ ಮೇಲೆ ಆರ್ಡರ್ ಕೊಡಿ.